ಶೇರ್‌ನಿಂದ ಸಾಫ್ಟ್‌ವೇರ್ ಹಾಕುವಾಗ 'ಆಕ್ಸೆಸ್ ಡಿನೈಡ್' ಬಂದರೆ: ಬಾಗಿಲು ತಟ್ಟುತ್ತಿರುವವರು ಯಾರು ಅಂತ ಮೊದಲು ನೋಡಿ

ಸರ್ವರ್‌ನ ಶೇರ್ ಫೋಲ್ಡರ್ (ನೆಟ್‌ವರ್ಕ್ ಮೂಲಕ ಹಲವರು ಬಳಸುವ ಫೋಲ್ಡರ್) ತೆರೆದಿದ್ದೀರಿ. ಸೆಟಪ್ ಫೈಲ್ ಕಣ್ಣೆದುರೇ ಇದೆ. ಡಬಲ್ ಕ್ಲಿಕ್ ಮಾಡುತ್ತೀರಿ. ಬದಲಾವಣೆ ಮಾಡಲು ಬಿಡಬೇಕಾ ಅಂತ ವಿಂಡೋಸ್ ಕೇಳುತ್ತದೆ, 'ಯೆಸ್' ಒತ್ತುತ್ತೀರಿ. ಮರುಕ್ಷಣವೇ 'ಆಕ್ಸೆಸ್ ಈಸ್ ಡಿನೈಡ್'. ಕಂಪ್ಯೂಟರ್ ನಿಮ್ಮದು, ಅಡ್ಮಿನ್ ನೀವೇ, ಫೈಲ್ ಕಾಣಿಸುತ್ತಲೂ ಇದೆ. ಮತ್ತೆ ತಡೆದವರು ಯಾರು?

ಇಂಥ ಹೊತ್ತಲ್ಲಿ ಬಹಳ ಜನ ಮಾಡುವ ಕೆಲಸ ಒಂದೇ. ಸರ್ವರ್‌ಗೆ ಹೋಗಿ ಆ ಫೋಲ್ಡರ್‌ಗೆ 'ಎವ್ರಿಒನ್ - ಫುಲ್ ಕಂಟ್ರೋಲ್' ಕೊಟ್ಟುಬಿಡುವುದು. ನಾನೂ ಕೊಟ್ಟಿದ್ದೇನೆ. ಅವತ್ತು ಇನ್‌ಸ್ಟಾಲ್ ಆಯಿತು, ಖುಷಿಯಾಗಿ ಮನೆಗೆ ಹೋದೆ. ಕೆಲವು ವಾರ ಕಳೆದ ಮೇಲೆ ಯಾರೋ ಮೌಸ್ ಎಳೆಯುವಾಗ ಕೈ ಜಾರಿ, ಪ್ರಿಂಟರ್ ಡ್ರೈವರ್‌ಗಳ ಇಡೀ ಫೋಲ್ಡರನ್ನು ಪಕ್ಕದ ಫೋಲ್ಡರ್ ಒಳಗೆ ಬೀಳಿಸಿದ್ದರು. ಹುಡುಕಲು ಅರ್ಧ ದಿನ ಹೋಯಿತು. ಬರೀ ಕೈತಪ್ಪು ಆಗಿದ್ದೇ ಪುಣ್ಯ. ಎಲ್ಲರೂ ಬರೆಯಬಹುದಾದ ಜಾಗದಲ್ಲಿ ಸೆಟಪ್ ಫೈಲ್ ಇಟ್ಟರೆ, ಒಂದು ಕಂಪ್ಯೂಟರ್‌ಗೆ ಬಂದ ವೈರಸ್ ಆ ಫೈಲನ್ನೇ ಬದಲಾಯಿಸಬಹುದು. ಆಮೇಲೆ ಅದನ್ನು ಪ್ರತಿ ಕಂಪ್ಯೂಟರ್‌ನಲ್ಲೂ ಅಡ್ಮಿನ್ ಆಗಿ ಓಡಿಸುವವರು ನಾವೇ ಅಲ್ವಾ? ಹಾಗಾಗಿ ಆ ಅಡ್ಡದಾರಿಯನ್ನು ಇಲ್ಲಿ ಬಿಟ್ಟಿದ್ದೇನೆ.

ನಿಮ್ಮ ಕಂಪ್ಯೂಟರ್‌ನಲ್ಲಿ ನೀವು ಅಡ್ಮಿನ್ ಅನ್ನುವುದು ಸರ್ವರ್‌ಗೆ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾಗಿರುವುದು ಬಂದವರ ಹೆಸರು, ಆ ಹೆಸರಿಗೆ ತನ್ನಲ್ಲಿ ಏನು ಬರೆದಿದೆ ಅನ್ನುವುದು, ಅಷ್ಟೇ. ಇನ್‌ಸ್ಟಾಲ್ ಮಾಡುವಾಗ ತಮಾಷೆ ಏನೆಂದರೆ, ಬಾಗಿಲು ತಟ್ಟುವ ಹೆಸರು ನಡುವೆಯೇ ಬದಲಾಗುತ್ತದೆ. ಫೋಲ್ಡರ್ ತೆರೆದಾಗ ನೀವು. 'ಯೆಸ್' ಒತ್ತಿದ ಮೇಲೆ ಬೇರೆ ಯಾರೋ ಆಗಿರಬಹುದು. ಕೆಲವು ಸಲ ಮನುಷ್ಯರೇ ಅಲ್ಲ, ಖುದ್ದು ಕಂಪ್ಯೂಟರೇ ಹೋಗಿ ತಟ್ಟುತ್ತದೆ.

ಮೊದಲು ಸಂದೇಶ ಓದಿ

ಬಂದ ಸಂದೇಶವನ್ನು ಮುಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಇರುವ ನಂಬರ್ ಅರ್ಧ ಕೆಲಸ ಮಾಡುತ್ತದೆ.

53 ಅಂತಲೋ, 80070035 ಅಂತ ಮುಗಿಯುವ ನಂಬರೋ ಬಂದರೆ ಪರ್ಮಿಷನ್ ಕಡೆ ತಲೆಹಾಕಬೇಡಿ. ಸರ್ವರ್ ಸಿಗುತ್ತಲೇ ಇಲ್ಲ ಅಂತ ಅರ್ಥ. ಹೆಸರು ತಪ್ಪಾಗಿ ಟೈಪ್ ಆಗಿರಬಹುದು, ಅಥವಾ ಶೇರ್‌ಗೆ ಹೋಗಲು ಬೇಕಾದ 445ನೇ ಪೋರ್ಟನ್ನು ಫೈರ್‌ವಾಲ್ ಮುಚ್ಚಿರಬಹುದು. 1326 ಅಂದರೆ ಯೂಸರ್ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 5, ಅಥವಾ 80070005 ಅಂತ ಮುಗಿಯುವ ನಂಬರ್ ಬಂದರೆ ಅದೇ ನಿಜವಾದ ಆಕ್ಸೆಸ್ ಡಿನೈಡ್. ಸರ್ವರ್ ನಿಮ್ಮನ್ನು ಗುರುತಿಸಿದೆ, ಆದರೆ ಒಳಗೆ ಬಿಡುತ್ತಿಲ್ಲ.

ಸೆಟಪ್ ಇರುವುದು ಎಂಎಸ್‌ಐ ಫೈಲ್ (ವಿಂಡೋಸ್ ಇನ್‌ಸ್ಟಾಲರ್ ತೆರೆಯುವ ಪ್ಯಾಕೇಜ್) ಆದರೆ ವಿಂಡೋಸ್ ಇನ್‌ಸ್ಟಾಲರ್ ತನ್ನದೇ ನಂಬರ್ ಕೊಡುತ್ತದೆ. 1619 ಅಂದರೆ ಪ್ಯಾಕೇಜ್ ತೆರೆಯಲು ಆಗಲಿಲ್ಲ. ಶೇರ್‌ನಿಂದ ಹಾಕುವಾಗ ಜಾಸ್ತಿ ಕಾಣುವುದು ಇದೇ, ಮತ್ತು ಇದರ ಹಿಂದೆ ಬಹಳ ಸಲ ಪರ್ಮಿಷನ್ ತೊಂದರೆ ಅಥವಾ ತಪ್ಪು ಪಾತ್ (ಫೈಲ್ ಇರುವ ಜಾಗದ ವಿಳಾಸ) ಇರುತ್ತದೆ. 1603 ಎಲ್ಲದಕ್ಕೂ ಬರುವ ನಂಬರ್, ಅದನ್ನು ಕೊನೆಯಲ್ಲಿ ನೋಡೋಣ.

ಕಾಪಿ ಮಾಡಿ ನೋಡಿ

ಸೆಟ್ಟಿಂಗ್ ಮುಟ್ಟುವ ಮೊದಲು ಈ ಒಂದು ಪರೀಕ್ಷೆ ಮಾಡಿ. ಸಿ ಡ್ರೈವ್‌ನಲ್ಲಿ 'ಟೆಂಪ್‌ಸೆಟಪ್' ಅಂತ ಒಂದು ಫೋಲ್ಡರ್ ಮಾಡಿ, ಶೇರ್‌ನಲ್ಲಿರುವ ಇಡೀ ಸೆಟಪ್ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಿ. ಬರೀ ಸೆಟಪ್ ಫೈಲ್ ಒಂದನ್ನೇ ತಂದರೆ ಸಾಲದು, ಪಕ್ಕದಲ್ಲಿರುವ, ಸಾಫ್ಟ್‌ವೇರ್‌ನ ಭಾಗಗಳನ್ನು ಕಟ್ಟಿಟ್ಟ ಕ್ಯಾಬ್ ಫೈಲ್‌ಗಳೂ ಬೇಕಾಗುತ್ತವೆ. ಡೆಸ್ಕ್‌ಟಾಪ್‌ಗೆ ಹಾಕಬೇಡಿ. ಕೆಲವು ಆಫೀಸ್‌ಗಳಲ್ಲಿ ಡೆಸ್ಕ್‌ಟಾಪ್ ಕೂಡ ಸರ್ವರ್‌ನಲ್ಲೇ ಕೂತಿರುತ್ತದೆ, ಆಗ ನೀವು ಸುತ್ತಿ ಬಳಸಿ ಅದೇ ಜಾಗಕ್ಕೆ ಬಂದಂತೆ.

ಕಾಪಿಯೇ ಆಗಲಿಲ್ಲವಾ? ಹಾಗಾದರೆ ನಿಮ್ಮ ಹೆಸರಿಗೇ ಸರ್ವರ್‌ನಲ್ಲಿ ಅನುಮತಿ ಇಲ್ಲ. ಕೆಳಗೆ ಸರ್ವರ್ ಭಾಗಕ್ಕೆ ಹೋಗಿ. ಕಾಪಿ ಆಯಿತು, ಸಿ ಡ್ರೈವ್‌ನಿಂದ ಇನ್‌ಸ್ಟಾಲ್ ಕೂಡ ಆಯಿತು ಅಂದರೆ ನಿಮಗೆ ಅನುಮತಿ ಇದೆ. ಅಡ್ಮಿನ್ ಆಗಿ ಓಡುವಾಗ ಹೋಗುವ ಹೆಸರಿಗೆ ಇಲ್ಲದಿರಬಹುದು, ಅಥವಾ ಓದಲು ಅನುಮತಿ ಇದ್ದು ಓಡಿಸಲು ಇಲ್ಲದಿರಬಹುದು. ಕಾಪಿ ಆಗಿಯೂ ಸಿ ಡ್ರೈವ್‌ನಿಂದಲೂ ಅದೇ ತಕರಾರು ಬಂದರೆ ಶೇರ್‌ನದು ತಪ್ಪಿಲ್ಲ. ತೊಂದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ.

ಆ ಮೂರನೆಯದಾದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ನೋಡಿ. ಕೆಳಗೆ 'ಅನ್‌ಬ್ಲಾಕ್' ಅಂತ ಇದ್ದರೆ ಟಿಕ್ ಹಾಕಿ. ಇಂಟರ್‌ನೆಟ್‌ನಿಂದ ಬಂದ ಫೈಲ್‌ಗೆ ವಿಂಡೋಸ್ ಅಂಟಿಸುವ ಗುರುತು ಅದು, ಶೇರ್ ದಾಟಿ ಬಂದರೂ ಉಳಿದಿರುತ್ತದೆ. ಆದರೆ ಫೈಲ್ ಎಲ್ಲಿಂದ ಬಂದದ್ದು ಅಂತ ಗೊತ್ತಿದ್ದರೆ ಮಾತ್ರ ಟಿಕ್ ಹಾಕಿ.

ಒಂದಿಬ್ಬರ ಕಂಪ್ಯೂಟರ್‌ಗೆ ಒಂದು ಸಲ ಹಾಕುವ ಕೆಲಸವಾದರೆ ಇಲ್ಲಿಗೇ ನಿಲ್ಲಿಸಿ. ಕಾಪಿ ಮಾಡಿ, ಹಾಕಿ, ಫೋಲ್ಡರ್ ಅಳಿಸಿ. ಸುಮ್ನೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಮುಂದಿನದು ಐವತ್ತು ಕಂಪ್ಯೂಟರ್‌ಗೆ ಹಾಕಬೇಕಾದವರಿಗೆ, ಅಥವಾ ಶೇರ್ ನೋಡಿಕೊಳ್ಳುವವರಿಗೆ.

ಝಡ್ ಡ್ರೈವ್ ಎಲ್ಲಿ ಹೋಯಿತು?

ಶೇರ್‌ಗೆ ಝಡ್ ಅಂತ ಡ್ರೈವ್ ಅಕ್ಷರ ಕೊಟ್ಟುಕೊಂಡಿದ್ದೀರಾ? ಹಾಗಾದರೆ ಮೊದಲ ಅನುಮಾನ ಇಲ್ಲೇ.

ಅಡ್ಮಿನ್ ಗುಂಪಿನವರು ಲಾಗಿನ್ ಆದಾಗ ವಿಂಡೋಸ್ ಅವರಿಗೆ ಎರಡು ಗುರುತುಚೀಟಿ ಕೊಡುತ್ತದೆ. ಒಂದು ಸಾಮಾನ್ಯ ಕೆಲಸಕ್ಕೆ, ಇನ್ನೊಂದು ಅಡ್ಮಿನ್ ಕೆಲಸಕ್ಕೆ. 'ಯೆಸ್' ಒತ್ತಿದಾಗ ಎರಡನೆಯದು ಆಚೆ ಬರುತ್ತದೆ. ನೀವು ಮ್ಯಾಪ್ ಮಾಡಿದ ಝಡ್ ಡ್ರೈವ್ ಅಂಟಿಕೊಂಡಿರುವುದು ಮೊದಲನೆಯದಕ್ಕೆ. ಎರಡನೆಯದರ ಕಣ್ಣಿಗೆ ಅದು ಕಾಣುವುದೇ ಇಲ್ಲ.

ನಂಬಿಕೆ ಬರದಿದ್ದರೆ ಪರೀಕ್ಷಿಸಿ. ಕಮಾಂಡ್ ಪ್ರಾಂಪ್ಟನ್ನು ಮಾಮೂಲಿಯಾಗಿ ತೆರೆದು 'ನೆಟ್ ಯೂಸ್' ಕಮಾಂಡ್ ಕೊಡಿ. ಝಡ್ ಪಟ್ಟಿಯಲ್ಲಿದೆ, ಪಕ್ಕದಲ್ಲಿ 'ಓಕೆ' ಅಂತಿದೆ. ಈಗ ಇನ್ನೊಂದು ಪ್ರಾಂಪ್ಟನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮಾಡಿ ಅದೇ ಕಮಾಂಡ್ ಕೊಡಿ. ಒಂದೋ ಝಡ್ ಇಲ್ಲವೇ ಇಲ್ಲ, ಇಲ್ಲಾ 'ಅನ್‌ಅವೈಲಬಲ್'. ಎರಡೂ ಕಿಟಕಿ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿದರೆ ಈ ವಿಷಯ ಮತ್ತೆ ಮರೆಯುವುದಿಲ್ಲ.

ಪರಿಹಾರ ಸುಲಭ. ಡ್ರೈವ್ ಅಕ್ಷರ ಬಿಟ್ಟು ಪೂರ್ತಿ ಪಾತ್ ಬಳಸಿ. ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಬೇರೆ ಯೂಸರ್ ಹೆಸರು ಕೊಟ್ಟು ಡ್ರೈವ್ ಮ್ಯಾಪ್ ಮಾಡಿದ್ದರೆ, ಅಡ್ಮಿನ್ ಪ್ರಾಂಪ್ಟ್‌ನಲ್ಲೂ ಒಮ್ಮೆ ಅದೇ ಹೆಸರಲ್ಲಿ ಕನೆಕ್ಟ್ ಆಗಬೇಕು. ಕಮಾಂಡ್ ಪ್ರಾಂಪ್ಟ್‌ಗೆ ಶೇರ್ ಪಾತ್ ಒಳಗೆ 'ಸಿಡಿ' ಕಮಾಂಡ್‌ನಿಂದ ನೇರವಾಗಿ ಹೋಗಲು ಬರುವುದಿಲ್ಲ. ಅದಕ್ಕೆ 'ಪುಶ್‌ಡಿ' ಬಳಸಿ, ತಾತ್ಕಾಲಿಕವಾಗಿ ತಾನೇ ಒಂದು ಡ್ರೈವ್ ಅಕ್ಷರ ಮಾಡಿಕೊಳ್ಳುತ್ತದೆ. ಎರಡೂ ಗುರುತುಚೀಟಿಗೆ ಡ್ರೈವ್ ಕಾಣುವಂತೆ ಮಾಡುವ 'ಎನೇಬಲ್ ಲಿಂಕ್ಡ್ ಕನೆಕ್ಷನ್ಸ್' ಅನ್ನುವ ರಿಜಿಸ್ಟ್ರಿ ಸೆಟ್ಟಿಂಗ್ ಒಂದಿದೆ. ಪೂರ್ತಿ ಪಾತ್ ಕೆಲಸ ಮಾಡುವಾಗ ಅದನ್ನು ಮುಟ್ಟುವುದು ನನಗೆ ಇಷ್ಟವಿಲ್ಲ. ಬೇಕೇ ಬೇಕು ಅನ್ನುವವರು ಹಾಕಿದ ಮೇಲೆ ರೀಸ್ಟಾರ್ಟ್ ಮಾಡಬೇಕು.

ನೀವು ಅಡ್ಮಿನ್ ಅಲ್ಲದಿದ್ದರೆ ಕತೆ ಬೇರೆ. ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ, ಐಟಿಯವರು ಬಂದು ತಮ್ಮ ಹೆಸರು, ಪಾಸ್‌ವರ್ಡ್ ಹಾಕುತ್ತಾರೆ. ಅಲ್ಲಿಂದ ಮುಂದೆ ಸೆಟಪ್ ಓಡುವುದು ಅವರ ಹೆಸರಲ್ಲಿ. ಅವರು ಹಾಕಿದ್ದು ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ ಲೋಕಲ್ ಅಡ್ಮಿನ್ ಹೆಸರಾದರೆ, ಸರ್ವರ್‌ಗೆ ಆ ಹೆಸರೇ ಗೊತ್ತಿಲ್ಲ. ಶೇರ್‌ನಲ್ಲಿ ನಿಮಗೆ ಎಷ್ಟೇ ಅನುಮತಿ ಇದ್ದರೂ ಪ್ರಯೋಜನವಿಲ್ಲ. ಶೇರ್ ಓದಲು ಅನುಮತಿ ಇರುವ ಡೊಮೇನ್ ಯೂಸರ್ ಹೆಸರು (ಆಫೀಸಿನ ಕಂಪ್ಯೂಟರ್, ಸರ್ವರ್ ಎಲ್ಲವೂ ಒಪ್ಪುವ ಒಂದೇ ಪಟ್ಟಿಯಲ್ಲಿರುವ ಹೆಸರು) ಹಾಕಲಿ, ಇಲ್ಲವೇ ಮೊದಲು ಕಾಪಿ ಮಾಡಿಕೊಳ್ಳಲಿ.

ಸರ್ವರ್ ಕಡೆ: ಎರಡು ಬಾಗಿಲು

ವಿಂಡೋಸ್ ಸರ್ವರ್‌ನಲ್ಲಿ ಶೇರ್‌ಗೆ ಎರಡು ಕಡೆ ಅನುಮತಿ ಇರುತ್ತದೆ. ಪ್ರಾಪರ್ಟೀಸ್‌ನ 'ಶೇರಿಂಗ್' ಟ್ಯಾಬ್‌ನಲ್ಲಿರುವುದು ಗೇಟ್. 'ಸೆಕ್ಯುರಿಟಿ' ಟ್ಯಾಬ್‌ನಲ್ಲಿರುವ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನ ಫೈಲ್ ವ್ಯವಸ್ಥೆ) ಅನುಮತಿ ಒಳಗಿನ ಬಾಗಿಲು. ನೆಟ್‌ವರ್ಕ್‌ನಿಂದ ಬಂದವರು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಸರ್ವರ್ ಮುಂದೆಯೇ ಕೂತವರಿಗೆ ಗೇಟ್ ಇಲ್ಲ, ಒಳಬಾಗಿಲು ಮಾತ್ರ. 'ನಾನು ಸರ್ವರ್‌ನಲ್ಲಿ ನೋಡಿದೆ, ಸರಿಯಾಗಿ ತೆರೆಯುತ್ತಿದೆ' ಅಂತ ಸರ್ವರ್‌ನವರು ಹೇಳುವುದು, 'ನನಗೆ ತೆರೆಯುತ್ತಿಲ್ಲ' ಅಂತ ನೀವು ಹೇಳುವುದು, ಇಬ್ಬರದ್ದೂ ನಿಜ ಆಗುವುದು ಹೀಗೆ.

ಸಾಫ್ಟ್‌ವೇರ್ ಹಾಕಲು ಓದುವ ಅನುಮತಿ ಸಾಕು. ಶೇರಿಂಗ್‌ನಲ್ಲಿ 'ಆಥೆಂಟಿಕೇಟೆಡ್ ಯೂಸರ್ಸ್‌'ಗೆ (ಗುರುತು ತೋರಿಸಿ ಒಳಬಂದ ಎಲ್ಲರಿಗೆ) 'ರೀಡ್', ಸೆಕ್ಯುರಿಟಿಯಲ್ಲಿ 'ರೀಡ್ ಆ್ಯಂಡ್ ಎಕ್ಸಿಕ್ಯೂಟ್'. ಈ ಎರಡನೆಯದರಲ್ಲಿ ಬರೀ 'ರೀಡ್' ಕೊಟ್ಟರೆ ಫೈಲ್ ಕಾಪಿ ಆಗುತ್ತದೆ, ಓಡುವುದಿಲ್ಲ. ಹೊಸ ಸೆಟಪ್ ತಂದು ಇಡುವ ಇಬ್ಬರು ಮೂವರಿಗೆ ಮಾತ್ರ ಬರೆಯುವ ಅನುಮತಿ ಇರಲಿ, ಅವರಿಗೆ ಎರಡೂ ಬಾಗಿಲಲ್ಲಿ ಕೊಡಬೇಕು. 'ಡಿನೈ' ಕಾಲಂನಲ್ಲಿ ಟಿಕ್ ಇದ್ದರೆ ಅದು ಯಾಕೆ ಬಂತು ಅಂತ ವಿಚಾರಿಸಿ. ಒಬ್ಬರನ್ನು ತಡೆಯಲು ಅಂತ ಗುಂಪಿಗೆ ಹಾಕಿದ ಡಿನೈ, ಆ ಗುಂಪಿನಲ್ಲಿರುವ ಎಲ್ಲರನ್ನೂ ತಡೆಯುತ್ತದೆ. ಬೇರೆ ಗುಂಪಿನ ಮೂಲಕ ಅನುಮತಿ ಇದ್ದವರನ್ನೂ ಬಿಡುವುದಿಲ್ಲ.

ಗುಂಪಿಗೆ ಸೇರಿಸಿಯೂ ಆಗುತ್ತಿಲ್ಲ ಅಂತ ದೂರು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, 'ಲಾಗ್ ಆಫ್ ಮಾಡಿ ಬಂದಿರಾ?' ಯಾವ ಯಾವ ಗುಂಪಿನಲ್ಲಿದ್ದೀರಿ ಅನ್ನುವ ಪಟ್ಟಿ ತಯಾರಾಗುವುದು ಲಾಗಿನ್ ಆಗುವಾಗ. ಆಮೇಲೆ ಸೇರಿಸಿದ್ದು ಅದರಲ್ಲಿ ಇರುವುದಿಲ್ಲ. ಸ್ಕ್ರೀನ್ ಲಾಕ್ ಮಾಡಿ ತೆಗೆದರೆ ಆಗದು, ಪೂರ್ತಿ ಸೈನ್ ಔಟ್ ಮಾಡಬೇಕು.

ಈಗ ನನಗೆ ತುಂಬಾ ಹೊತ್ತು ಕಾಟ ಕೊಟ್ಟ ಒಂದು ವಿಷಯ. ಶೇರ್‌ನಲ್ಲಿ ಹಳೆಯ ಸಾಫ್ಟ್‌ವೇರ್‌ಗಳೆಲ್ಲ ಸರಿಯಾಗಿ ಇನ್‌ಸ್ಟಾಲ್ ಆಗುತ್ತವೆ. ಹೊಸದಾಗಿ ಇಟ್ಟ ಒಂದು ಮಾತ್ರ ಆಗುವುದಿಲ್ಲ. ಒಂದೇ ಶೇರ್, ಒಂದೇ ಮೇಲಿನ ಫೋಲ್ಡರ್, ಅನುಮತಿ ಎಲ್ಲಕ್ಕೂ ಒಂದೇ ಇರಬೇಕಲ್ಲ? ಇರಲಿಲ್ಲ. ಆ ಫೈಲನ್ನು ಸರ್ವರ್‌ನಲ್ಲೇ ಡೌನ್‌ಲೋಡ್ ಮಾಡಿ, 'ಡೌನ್‌ಲೋಡ್ಸ್' ಫೋಲ್ಡರ್‌ನಿಂದ ಶೇರ್ ಫೋಲ್ಡರ್‌ಗೆ ಕಟ್ ಮಾಡಿ ಪೇಸ್ಟ್ ಮಾಡಿದ್ದರು. ಎರಡೂ ಒಂದೇ ಡ್ರೈವ್‌ನಲ್ಲಿದ್ದವು. ಒಂದೇ ಡ್ರೈವ್ ಒಳಗೆ ಫೈಲನ್ನು ಮೂವ್ ಮಾಡಿದರೆ ಅದು ತನ್ನ ಹಳೆಯ ಅನುಮತಿಯನ್ನು ಹೊತ್ತುಕೊಂಡೇ ಬರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುವ ಅನುಮತಿ ಯಾರಿಗೆ? ಸಿಸ್ಟಮ್ (ವಿಂಡೋಸ್‌ನ ಸ್ವಂತ ಅಕೌಂಟ್), ಅಡ್ಮಿನಿಸ್ಟ್ರೇಟರ್ಸ್, ಮತ್ತೆ ಡೌನ್‌ಲೋಡ್ ಮಾಡಿದವರಿಗೆ. ಅಷ್ಟೇ. ಮಿಕ್ಕವರಿಗೆಲ್ಲ ಬಾಗಿಲು ಬಂದ್. ಕಾಪಿ ಮಾಡಿದ್ದರೆ ಹೊಸ ಜಾಗದ ಅನುಮತಿ ತಾನಾಗಿ ಸಿಗುತ್ತಿತ್ತು.

ಕಂಡುಹಿಡಿಯುವುದು ಹೀಗೆ. ಸರಿಯಾಗಿ ಓಡುವ ಹಳೆಯ ಸೆಟಪ್ ಫೈಲ್ ಒಂದರ ಸೆಕ್ಯುರಿಟಿ ಟ್ಯಾಬ್ ತೆರೆಯಿರಿ, ಓಡದ ಫೈಲಿನದ್ದೂ ತೆರೆಯಿರಿ. ಹೆಸರುಗಳ ಪಟ್ಟಿ ಬೇರೆ ಇದ್ದರೆ ಕಳ್ಳ ಸಿಕ್ಕಿದ. ಆ ಸೆಟಪ್ ಇರುವ ಫೋಲ್ಡರ್‌ನ 'ಅಡ್ವಾನ್ಸ್ಡ್' ಒತ್ತಿ, ಕೆಳಗಿರುವ 'ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಪರ್ಮಿಷನ್' ಅಂತ ಶುರುವಾಗುವ ಸಾಲಿಗೆ ಟಿಕ್ ಹಾಕಿ. ಒಂದು ಎಚ್ಚರಿಕೆ: ಇದನ್ನು ಆ ಒಂದು ಫೋಲ್ಡರ್‌ಗೆ ಮಾತ್ರ ಮಾಡಿ. ಶೇರ್‌ನ ಬುಡದಲ್ಲಿ ಮಾಡಿದರೆ, ಬೇರೆಯವರು ಯೋಚಿಸಿ ಕೊಟ್ಟ ಅನುಮತಿಗಳೂ ಒರೆಸಿಹೋಗುತ್ತವೆ. ಅಷ್ಟು ತಾಪತ್ರಯ ಬೇಡ ಅನ್ನುವವರು ಫೈಲನ್ನು ಅಲ್ಲೇ ಇನ್ನೊಂದು ಕಾಪಿ ಮಾಡಿ, ಮೊದಲಿನದನ್ನು ಅಳಿಸಿದರೂ ಆಯಿತು.

ಫೈಲ್ ಕಾಣಿಸುತ್ತಲೇ ಇಲ್ಲ ಅನ್ನುವುದೂ ಪರ್ಮಿಷನ್ ವಿಷಯವೇ ಆಗಿರಬಹುದು. ಅನುಮತಿ ಇಲ್ಲದವರ ಕಣ್ಣಿಗೆ ಫೋಲ್ಡರನ್ನೇ ಮರೆಮಾಡುವ ಸೆಟ್ಟಿಂಗ್ ಸರ್ವರ್‌ನಲ್ಲಿದೆ. ಯಾರೋ ಡಿಲೀಟ್ ಮಾಡಿದರು ಅಂತ ಗಲಾಟೆ ಮಾಡುವ ಮೊದಲು ಇದನ್ನೊಮ್ಮೆ ಕೇಳಿ.

ಕಂಪ್ಯೂಟರೇ ಬಾಗಿಲು ತಟ್ಟಿದಾಗ

ಗ್ರೂಪ್ ಪಾಲಿಸಿಯಿಂದ (ಡೊಮೇನ್‌ನ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆ) ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಕಳಿಸಿದರೆ, ಅಥವಾ ಸಿಸ್ಟಮ್ ಹೆಸರಲ್ಲಿ ಓಡುವ ಶೆಡ್ಯೂಲ್ಡ್ ಟಾಸ್ಕ್‌ನಿಂದ ಹಾಕಿದರೆ, ಆಗ ಯಾರೂ ಲಾಗಿನ್ ಆಗಿರಬೇಕಾಗಿಲ್ಲ. ಶೇರ್‌ಗೆ ಹೋಗುವುದು ಕಂಪ್ಯೂಟರ್‌ನ ಸ್ವಂತ ಡೊಮೇನ್ ಅಕೌಂಟ್. ಅದರ ಹೆಸರು ಡಾಲರ್ ಚಿಹ್ನೆಯಿಂದ ಮುಗಿಯುತ್ತದೆ. 'ಡೊಮೇನ್ ಯೂಸರ್ಸ್‌'ಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಕಂಪ್ಯೂಟರ್‌ಗಳು ಹೊರಗೇ ಉಳಿಯುತ್ತವೆ, ನೀವು ಕೈಯಾರೆ ಓಡಿಸಿದರೆ ಮಾತ್ರ ಎಲ್ಲ ಸರಿ ಇರುತ್ತದೆ. 'ಡೊಮೇನ್ ಕಂಪ್ಯೂಟರ್ಸ್' ಗುಂಪನ್ನು ಎರಡೂ ಬಾಗಿಲಲ್ಲಿ ಓದುವ ಅನುಮತಿಯೊಂದಿಗೆ ಸೇರಿಸಿ. ಆಥೆಂಟಿಕೇಟೆಡ್ ಯೂಸರ್ಸ್ ಇದ್ದರೆ ಅದರಲ್ಲಿ ಕಂಪ್ಯೂಟರ್‌ಗಳೂ ಸೇರುತ್ತವೆ.

ಪರೀಕ್ಷೆಗೆ ಮೈಕ್ರೋಸಾಫ್ಟ್‌ನದೇ 'ಪಿಎಸ್‌ಎಕ್ಸೆಕ್' ಇದೆ. ಅದರಿಂದ ಸಿಸ್ಟಮ್ ಹೆಸರಲ್ಲಿ ಒಂದು ಕಮಾಂಡ್ ಪ್ರಾಂಪ್ಟ್ ತೆರೆದು, ಶೇರ್ ಪಾತ್‌ಗೆ 'ಡಿಐಆರ್' ಕೊಟ್ಟು ನೋಡಿ. ಪಟ್ಟಿ ಬಂದರೆ ಕಂಪ್ಯೂಟರ್‌ಗೆ ದಾರಿ ಇದೆ. ಡೊಮೇನ್ ಇಲ್ಲದ ವರ್ಕ್‌ಗ್ರೂಪ್‌ನಲ್ಲಿ ಈ ದಾರಿ ನಡೆಯುವುದಿಲ್ಲ, ಅಲ್ಲಿ ಸರ್ವರ್ ಗುರುತಿಸುವಂಥ ಹೆಸರೇ ಕಂಪ್ಯೂಟರ್‌ಗೆ ಇರುವುದಿಲ್ಲ. ಕಾಪಿಯೇ ಗತಿ.

ಪವರ್‌ಶೆಲ್‌ನಿಂದ ದೂರದ ಕಂಪ್ಯೂಟರ್‌ಗೆ ಹೋಗಿ, ಅಲ್ಲಿಂದ ಮೂರನೆಯ ಕಡೆ ಇರುವ ಶೇರ್ ತೆರೆಯಲು ಹೋದರೂ ಬಾಗಿಲು ಮುಚ್ಚಿರುತ್ತದೆ. ಮೊದಲ ಹೆಜ್ಜೆಗೆ ತೋರಿಸಿದ ಗುರುತು ಎರಡನೇ ಹೆಜ್ಜೆಗೆ ಸಾಗುವುದಿಲ್ಲ. ಶೇರ್ ಅನುಮತಿ ತಿದ್ದುತ್ತಾ ಕೂತರೆ ಇದು ಬಗೆಹರಿಯದು. ಫೈಲನ್ನು ಮೊದಲು ಆ ಕಂಪ್ಯೂಟರ್‌ಗೆ ಕಳಿಸಿ, ಆಮೇಲೆ ಓಡಿಸಿ.

ಹಳೆಯ ಹೆಸರು, ಗೆಸ್ಟ್, ಲಿನಕ್ಸ್

1219 ಬಂದರೆ, ಅದೇ ಸರ್ವರ್‌ಗೆ ಇನ್ನೊಂದು ಹೆಸರಲ್ಲಿ ಈಗಾಗಲೇ ಕನೆಕ್ಟ್ ಆಗಿದ್ದೀರಿ. ಒಂದು ಸರ್ವರ್‌ಗೆ ಒಂದೇ ಹೊತ್ತಲ್ಲಿ ಎರಡು ಹೆಸರಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ನೆಟ್ ಯೂಸ್ ಪಟ್ಟಿ ನೋಡಿ ಹಳೆಯದನ್ನು ತೆಗೆಯಿರಿ. 'ಕ್ರೆಡೆನ್ಶಿಯಲ್ ಮ್ಯಾನೇಜರ್' ಒಳಗೆ ಹಳೆಯ ಪಾಸ್‌ವರ್ಡ್ ಕೂತಿದ್ದರೆ ಅದನ್ನೂ ತೆಗೆಯಿರಿ.

ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ತೆರೆಯುತ್ತಿದ್ದ ಹಳೆಯ ಸ್ಟೋರೇಜ್ ಪೆಟ್ಟಿಗೆ, ಕಂಪ್ಯೂಟರ್ ಅಪ್‌ಡೇಟ್ ಆದ ಮೇಲೆ ತೆರೆಯುತ್ತಿಲ್ಲವಾ? ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್‌ಗಳಲ್ಲಿ ಪ್ರತಿ ಕನೆಕ್ಷನ್‌ಗೂ ಡಿಜಿಟಲ್ ಸಹಿ ಬೇಕು ಅನ್ನುವುದು ಮೊದಲೇ ಆನ್ ಆಗಿರುತ್ತದೆ. ಗೆಸ್ಟ್‌ಗೆ ಸಹಿ ಹಾಕಲು ಬರುವುದಿಲ್ಲ. ಆ ಸುರಕ್ಷತೆಯನ್ನು ಆಫ್ ಮಾಡುವ ಸಲಹೆ ಹೇರಳವಾಗಿ ಸಿಗುತ್ತದೆ, ನಾನು ಕೊಡುವುದಿಲ್ಲ. ಪೆಟ್ಟಿಗೆಯಲ್ಲಿ ಓದುವುದಕ್ಕೆ ಮಾತ್ರ ಅಂತ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಡಿ, ಐದು ನಿಮಿಷದ ಕೆಲಸ.

ಶೇರ್ ಇರುವುದು ಲಿನಕ್ಸ್‌ನ ಸಾಂಬಾದಲ್ಲಿ (ವಿಂಡೋಸ್‌ನವರಿಗೂ ಫೋಲ್ಡರ್ ಶೇರ್ ಮಾಡುವ ಪ್ರೋಗ್ರಾಂ), ಫೈಲ್ ಕಾಪಿ ಆಗುತ್ತದೆ ಆದರೆ ಅಲ್ಲಿಂದಲೇ ಓಡಿಸಿದರೆ ಆಕ್ಸೆಸ್ ಡಿನೈಡ್ ಅಂದರೆ, ಫೈಲಿಗೆ ಎಕ್ಸಿಕ್ಯೂಟ್ ಬಿಟ್ (ಓಡಿಸಬಹುದು ಅನ್ನುವ ಗುರುತು) ಇದೆಯಾ ನೋಡಿ. ಸಾಂಬಾ 4ರಿಂದ ಅದನ್ನು ಕೇಳುತ್ತದೆ. 'ಸಿಎಚ್‌ಮಾಡ್' ಕಮಾಂಡ್‌ನಿಂದ ಕೊಡಬಹುದು. ಅಥವಾ ಸಾಂಬಾ ಸೆಟ್ಟಿಂಗ್‌ನಲ್ಲಿ 'ಎಸಿಎಲ್ ಅಲೋ ಎಕ್ಸಿಕ್ಯೂಟ್ ಆಲ್ವೇಸ್' ಸಾಲನ್ನು 'ಯೆಸ್' ಮಾಡಬಹುದು. ಲಿನಕ್ಸ್‌ನಿಂದಲೇ ಎನ್‌ಎಫ್‌ಎಸ್ (ಲಿನಕ್ಸ್ ಕಡೆ ಬಳಸುವ ಶೇರ್ ವಿಧಾನ) ಶೇರ್ ತೆರೆದು, ಅಡ್ಮಿನ್ ಆಗಿ ಓಡಿಸುವ 'ಸುಡೊ' ಹಾಕಿದರೂ ಅನುಮತಿ ಇಲ್ಲ ಅನ್ನುತ್ತದೆಯಾ? ಅಲ್ಲೂ ಅದೇ ಹಾಡು. ನಿಮ್ಮ ರೂಟನ್ನು (ಲಿನಕ್ಸ್‌ನ ಅಡ್ಮಿನ್) ಆ ಸರ್ವರ್ 'ನೋಬಡಿ' ಅಂತ ಇಳಿಸಿಬಿಟ್ಟಿರುತ್ತದೆ. ಸುಡೊ ಇಲ್ಲದೆ ನಿಮ್ಮ ಹೆಸರಲ್ಲೇ ಕಾಪಿ ಮಾಡಿಕೊಂಡು, ಆಮೇಲೆ ಸುಡೊ ಹಾಕಿ.

1603 ಬಂದರೆ

ಈ ನಂಬರ್ ಅನ್ನು ದಿಟ್ಟಿಸಿ ನೋಡಿದರೆ ಏನೂ ಸಿಗದು, ಲಾಗ್ ಬೇಕು. 'ಎಂಎಸ್‌ಐಎಕ್ಸೆಕ್' ಕಮಾಂಡ್‌ಗೆ ಪೂರ್ತಿ ವಿವರದ ಲಾಗ್ ಬರೆಯುವ ಆಯ್ಕೆ ಇದೆ. ಲಾಗ್ ಫೈಲನ್ನು ಸಿ ಡ್ರೈವ್‌ನಲ್ಲೇ ಬರೆಸಿ. ಶೇರ್‌ನಲ್ಲಿ ನಿಮಗೆ ಬರೆಯುವ ಅನುಮತಿ ಇಲ್ಲ, ಇರಲೂಬಾರದು. ಸಾವಿರಾರು ಸಾಲು ಬರುತ್ತದೆ, ಹೆದರಬೇಡಿ. 'ರಿಟರ್ನ್ ವ್ಯಾಲ್ಯೂ 3' ಅಂತ ಹುಡುಕಿ, ಅದರ ಮೇಲಿನ ಹತ್ತಿಪ್ಪತ್ತು ಸಾಲು ಓದಿ. ಯಾವ ಫೈಲ್, ಯಾವ ಫೋಲ್ಡರ್ ಅಂತ ಬಹಳ ಸಲ ಅಲ್ಲೇ ಹೆಸರು ಸಮೇತ ಬರೆದಿರುತ್ತದೆ. ಸಾಫ್ಟ್‌ವೇರ್ ಕೂರಬೇಕಾದ ಫೋಲ್ಡರ್‌ನಲ್ಲಿ 'ಸಿಸ್ಟಮ್‌'ಗೆ ಫುಲ್ ಕಂಟ್ರೋಲ್ ಇಲ್ಲದಿದ್ದರೂ 1603 ಬರುತ್ತದೆ. ಯಾರೋ ಬಿಗಿ ಮಾಡಲು ಹೋಗಿ ಆ ಹೆಸರನ್ನು ತೆಗೆದಿರುತ್ತಾರೆ, ವಾಪಸ್ ಸೇರಿಸಿ.

ಎಲ್ಲ ಸರಿಹೋದ ಮೇಲೆ ಸಾಮಾನ್ಯ ಯೂಸರ್ ಒಬ್ಬರ ಕಂಪ್ಯೂಟರ್‌ನಿಂದ ಎರಡು ಪರೀಕ್ಷೆ ಮಾಡಿ. ಸೆಟಪ್ ಓಡಬೇಕು. ಅದೇ ಶೇರ್‌ನಲ್ಲಿ ಹೊಸ ಟೆಕ್ಸ್ಟ್ ಫೈಲ್ ಒಂದನ್ನು ಮಾಡಲು ಹೋದರೆ ಆಗಬಾರದು. ನಡುವೆ ಪರೀಕ್ಷೆಗೆ ಅಂತ ಸಡಿಲ ಮಾಡಿದ್ದೇನಾದರೂ ಇದ್ದರೆ ಅವತ್ತೇ ವಾಪಸ್ ಬಿಗಿ ಮಾಡಿ. ಶೇರ್‌ನ ಹೆಸರನ್ನೂ, ಫೋಲ್ಡರ್ ಇರುವ ಜಾಗವನ್ನೂ ಆಮೇಲೆ ಬದಲಾಯಿಸಬೇಡಿ. ಎಂಎಸ್‌ಐ ತಾನು ಎಲ್ಲಿಂದ ಬಂದೆ ಅಂತ ನೆನಪಿಟ್ಟುಕೊಳ್ಳುತ್ತದೆ. ಆರು ತಿಂಗಳ ಮೇಲೆ ರಿಪೇರಿಗೋ ಅಪ್‌ಡೇಟ್‌ಗೋ ಅದೇ ಪಾತ್‌ನಲ್ಲಿ ಹುಡುಕಿ, ಸಿಗದಿದ್ದರೆ 1706 ಅಂತ ಹೊಸ ನಂಬರ್ ತೋರಿಸುತ್ತದೆ.